ತವನಿಧಿ: ಸಂಜೆಯ ದೀಪಕ್ಕೆ ಎಣ್ಣೆ ಎರೆದವರು

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಶಾಸನವನ್ನು ಕನ್ನಡ ನಾಡಿನ ವಿದ್ಯಾಚರಿತ್ರೆಯನ್ನು ಬರೆದವರೆಲ್ಲರೂ ಸ್ಮರಿಸಿದ್ದಾರೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಂದು ಪಾವಿಟ್ಟಗೆ ಎಂಬ ಹೆಸರಿನ ಆ ಊರಿನಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ದೂರದ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಅಲ್ಲಿ ನೆಲಸಿದರು. ಶಾಸನವನ್ನು ಓದುವವರು ಸಾಮಾನ್ಯವಾಗಿ ಮಂತ್ರಿಯ ಔದಾರ್ಯವನ್ನೂ ಶಾಲೆಯ ಕೀರ್ತಿಯನ್ನೂ ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ನನ್ನ ಮನಸ್ಸು ನಿಂತದ್ದು ದತ್ತಿಯ ವಿವರಗಳಲ್ಲಿ. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಮತ್ತು ಒಂದು ಮನೆ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ಇವುಗಳ ಜೊತೆಗೆ ದೀಪಗಳಿಗೆಂದೇ 12 ನಿವರ್ತನ ಭೂಮಿ.

ಹಗಲಿನಲ್ಲಿ ನಡೆಯುವ ಪಾಠಕ್ಕೆ ದೀಪ ಬೇಕಿಲ್ಲ. ದೀಪಕ್ಕಾಗಿ ಪ್ರತ್ಯೇಕ ಭೂಮಿಯನ್ನು ಬಿಟ್ಟವರು, ಗುರು ಪಾಠವನ್ನು ಮುಗಿಸಿ ಎದ್ದ ಮೇಲೂ ವಿದ್ಯಾರ್ಥಿಯ ದಿನ ಮುಗಿಯುವುದಿಲ್ಲವೆಂಬುದನ್ನು ಬಲ್ಲವರಾಗಿದ್ದರು. ಕೇಳಿದ್ದನ್ನು ಮನನಮಾಡಬೇಕು, ತಿಳಿಯದ್ದನ್ನು ಹಿರಿಯ ಸಹಪಾಠಿಯಿಂದ ಕೇಳಿ ತಿಳಿಯಬೇಕು, ಉಣ್ಣಬೇಕು, ಮಲಗಬೇಕು. ವಿದ್ಯೆಯ ಅರ್ಧಭಾಗ ಶಾಲೆಯ ಹೊತ್ತಿನ ಹೊರಗೆ ನಡೆಯುತ್ತದೆ.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಊರಿನ ಬ್ರಾಹ್ಮಣ ಮಹಾಜನರು ತಮ್ಮ ಮನೆಗಳಲ್ಲಿ ಮದುವೆಯಾದಾಗ 5, ಉಪನಯನವಾದಾಗ 2½, ಚೌಲವಾದಾಗ 1½ ನಾಣ್ಯಗಳನ್ನು ಶಾಲೆಗೆ ಸಲ್ಲಿಸತಕ್ಕದ್ದು. ಮಂತ್ರಿ ಕಟ್ಟಡವನ್ನು ಕೊಟ್ಟನು. ಭೂಮಿ ಸ್ಥಿರವಾದ ಆದಾಯವನ್ನು ಕೊಟ್ಟಿತು. ಇವೆರಡೂ ಸಾಲವೆಂದು ಊರು ತನ್ನ ಸಂಭ್ರಮದ ದಿನಗಳಿಂದ ಚಿಕ್ಕ ಚಿಕ್ಕ ಪಾಲುಗಳನ್ನು ತೆಗೆದಿರಿಸಿತು. ಮಗುವಿನ ಶಾಲೆಯಾಚೆಯ ಹೊತ್ತನ್ನು ಯಾರು ಪೋಷಿಸಬೇಕು, ಯಾವ ಬಗೆಯ ಹಣದಿಂದ ಪೋಷಿಸಬೇಕು ಎಂಬ ಪ್ರಶ್ನೆಗೆ ನಮ್ಮ ನಾಡು ಕೊಟ್ಟ ಬಹು ಹಳೆಯ ಉತ್ತರಗಳಲ್ಲಿ ಇದೊಂದು. ಆ ಪ್ರಶ್ನೆ ಇಂದಿಗೂ ಮುಗಿದಿಲ್ಲವಾದುದರಿಂದ ಅದರ ಚರಿತ್ರೆಯ ಒಂದೆರಡು ಘಟ್ಟಗಳನ್ನು ಇಲ್ಲಿ ವಿವೇಚಿಸಲಾಗಿದೆ.

ದಾನದ ನಾಲ್ಕು ಮುಖ

ಜೈನಧರ್ಮದಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಸುಪ್ರಸಿದ್ಧವಾಗಿವೆ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಪಟ್ಟಿ ಸ್ವಲ್ಪ ಬೇರೆಯಾಗಿದೆ. ಅಲ್ಲಿ ಆಹಾರ ಮತ್ತು ಔಷಧಗಳ ಜೊತೆಗೆ ಉಪಕರಣ ಮತ್ತು ಆವಾಸಗಳು ಬರುತ್ತವೆ. ನಾಲ್ಕೂ ಸೇರಿ ವೈಯಾವೃತ್ಯ, ಅಂದರೆ ಸೇವೆ, ಎನಿಸುತ್ತವೆ. ಈ ವಿಧಿ ಮೂಲತಃ ತಪೋಧನರಾದ ಮುನಿಗಳನ್ನು ಕುರಿತದ್ದು, ವಿದ್ಯಾರ್ಥಿಗಳನ್ನು ಕುರಿತದ್ದಲ್ಲ. ಆದರೂ ಅದರ ಹಿಂದಿನ ವಿವೇಕವನ್ನು ಗಮನಿಸಬೇಕು. ಸಾಧನೆಯಲ್ಲಿ ತೊಡಗಿದವನಿಗೆ ಉಪದೇಶದ ಗ್ರಂಥವೊಂದೇ ಸಾಲದು. ಅನ್ನ, ಆರೋಗ್ಯ, ಬೇಕಾದ ಸಾಧನ, ನಿಲ್ಲಲು ನೆರಳು, ಇವು ನಾಲ್ಕೂ ಒದಗಿದಾಗಲೇ ಸಾಧನೆ ಸಾಗುತ್ತದೆ. ಮುನಿಗೆ ಸಲ್ಲುವ ಈ ಮಾತು ಬಡ ಮನೆಯ ವಿದ್ಯಾರ್ಥಿಗೂ ಅಕ್ಷರಶಃ ಸಲ್ಲುತ್ತದೆ.

ದಾನವು ಒಂದು ದಿನದ ಉತ್ಸವವಾಗದೆ ನಿತ್ಯವೂ ನಡೆಯಬೇಕೆಂಬ ಎಚ್ಚರವೂ ನಮ್ಮ ಶಾಸನಗಳಲ್ಲಿ ಕಾಣುತ್ತದೆ. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಶ್ರಾವಕರು ಕೆಲವು ಗದ್ಯಾಣಗಳನ್ನು ಇಡುಗಂಟಾಗಿ ಇರಿಸಿ, ಅದರ ಬಡ್ಡಿಯಿಂದ ಗೊಮ್ಮಟೇಶ್ವರನ ನಿತ್ಯಾಭಿಷೇಕಕ್ಕೆ ಇಷ್ಟು ಅಳತೆಯ ಹಾಲು ಸಲ್ಲಬೇಕೆಂದು ಕಟ್ಟುಮಾಡಿದ ಉದಾಹರಣೆಗಳಿವೆ. ಮೂಲಧನವನ್ನು ಮುಟ್ಟುವಂತಿಲ್ಲ, ಹಾಲು ಒಂದು ದಿನವೂ ತಪ್ಪುವಂತಿಲ್ಲ. ಬೃಹನ್ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನ ಹೆಸರು ಲೋಕವಿಖ್ಯಾತವಾಯಿತು. ಹಾಲಿಗೆ ನಾಲ್ಕಾರು ಗದ್ಯಾಣವಿಟ್ಟವರ ಹೆಸರನ್ನು ಶಾಸನವನ್ನು ಓದುವವರು ಮಾತ್ರ ಬಲ್ಲರು. ಆದರೆ ಕ್ಷೇತ್ರದ ನಿತ್ಯಜೀವನವನ್ನು ನಡೆಸಿದ್ದು ಈ ಎರಡನೆಯ ಬಗೆಯ ದಾನವೇ.

ತವನಿಧಿಯಲ್ಲಿ ಒಂದು ಸಭೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರೋಣ. ಇಂಗ್ಲಿಷ್ ಶಿಕ್ಷಣದ ಹೈಸ್ಕೂಲುಗಳು ಜಿಲ್ಲೆಯ ಊರುಗಳಲ್ಲಿಯೂ ಸಂಸ್ಥಾನಗಳ ರಾಜಧಾನಿಗಳಲ್ಲಿಯೂ ಇದ್ದವು. ಒಕ್ಕಲು ಮಕ್ಕಳು ಹಳ್ಳಿಗಳಲ್ಲಿದ್ದರು. ಶಾಲೆಯ ಬಾಗಿಲು ತೆರೆದಿದ್ದರೂ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಉಣ್ಣಲು, ಮಲಗಲು, ಸಂಜೆ ಕುಳಿತು ಓದಲು ಸ್ಥಳವಿರಲಿಲ್ಲ. ಮಠಮಾನ್ಯಗಳ ಆಶ್ರಯವಿದ್ದವರೂ ವಾರಾನ್ನದ ಮನೆಗಳು ದೊರೆತವರೂ ಓದಿದರು. ಉಳಿದವರು ಮರಳಿ ಹೊಲಕ್ಕೆ ಹೋದರು.

1899ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಬಳಿಯಿರುವ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಮರಾಠಿಯಲ್ಲಿ ಸ್ತವನಿಧಿ ಎಂದು ಕರೆಯುವ ಈ ಕ್ಷೇತ್ರ ಕನ್ನಡಿಗರಿಗೆ ತವನಿಧಿ. ಹಳಗನ್ನಡದಲ್ಲಿ ತವನಿಧಿ ಎಂದರೆ ಬತ್ತದ ನಿಧಿ, ಅಕ್ಷಯನಿಧಿ. ಸಭೆಯ ಹಿರಿಯರು ಹೆಸರಿನ ಅರ್ಥವನ್ನು ಎಣಿಸಿ ಅಲ್ಲಿ ಸೇರಿದರೆಂದು ಹೇಳಲಾಗದು. ಆದರೆ ಅವರ ಮುಂದಿದ್ದ ಸಮಸ್ಯೆ ಆ ಪದದಲ್ಲಿಯೇ ಅಡಗಿತ್ತು. ಸಮಾಜದ ಮಕ್ಕಳ ವಿದ್ಯೆಗೆ ಬತ್ತದ ನಿಧಿಯೊಂದನ್ನು ಕಟ್ಟುವುದು ಹೇಗೆ?

ಅವರು ಕಂಡುಕೊಂಡ ಉತ್ತರ ಬೋರ್ಡಿಂಗು. ಹೊಸ ಶಾಲೆಯನ್ನು ತೆರೆಯುವುದಕ್ಕಿಂತ, ಇರುವ ಶಾಲೆಗೆ ಹೋಗುವ ಹುಡುಗನಿಗೆ ಶಾಲೆ ಬಿಟ್ಟ ಮೇಲಿನ ಮನೆಯನ್ನು ಒದಗಿಸುವುದು ಮೇಲೆಂದು ಅವರು ಬಗೆದರು. ಕೊಲ್ಲಾಪುರದಲ್ಲಿಯೂ ಕ್ರಮೇಣ ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೂ ಜೈನ ಬೋರ್ಡಿಂಗುಗಳು ಹುಟ್ಟಿದವು. ಮುಂಬಯಿಯ ಸೇಠ್ ಮಾಣಿಕಚಂದ ಹೀರಾಚಂದ ಝವೇರಿಯವರಂಥ ದಾನಿಗಳು ಈ ಕಾರ್ಯಕ್ಕೆ ಉದಾರವಾಗಿ ನೆರವಾದರು. ಮುಂದೆ ಕೊಲ್ಲಾಪುರದ ದಿವಾನರೂ 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಗಳೂ ಆದ ಅಣ್ಣಾಸಾಹೇಬ ಲಠ್ಠೆಯವರು ಸಭೆಯ ಮುಂದಾಳುಗಳಾಗಿದ್ದರು. ಕೊಲ್ಲಾಪುರದ ಶಾಹೂ ಮಹಾರಾಜರು 1901ರ ವಿಕ್ಟೋರಿಯಾ ಮರಾಠಾ ಬೋರ್ಡಿಂಗಿನಿಂದ ಮೊದಲುಮಾಡಿ ಒಂದೊಂದು ಸಮಾಜಕ್ಕೂ ಒಂದೊಂದು ವಿದ್ಯಾರ್ಥಿನಿಲಯ ಏಳುವಂತೆ ಭೂಮಿ, ಕಟ್ಟಡ, ಧನಗಳನ್ನು ಕೊಟ್ಟರು. ಅರಸನ ಆಶ್ರಯ, ಶ್ರೀಮಂತರ ದತ್ತಿ, ಸಮಾಜದ ವಂತಿಗೆ ಇವು ಮೂರೂ ಕೂಡಿದ್ದರಿಂದ ಒಂದೇ ತಲೆಮಾರಿನಲ್ಲಿ ಅನೇಕ ಕುಟುಂಬಗಳು ನೇಗಿಲಿನಿಂದ ಲೇಖನಿಗೆ ಬಂದವು. ಗಡಿಭಾಗದ ನಮ್ಮ ಹಿರಿಯರಲ್ಲಿ ಬೋರ್ಡಿಂಗಿನ ಅನ್ನವನ್ನು ಉಂಡು ಓದಿದವರ ಸಂಖ್ಯೆ ಸಣ್ಣದಲ್ಲ.

ಬೋರ್ಡಿಂಗಿನಿಂದ ಹೊರಬಿದ್ದ ಹುಡುಗ

ಆದರೆ ಸಮಾಜಕ್ಕೊಂದು ಬೋರ್ಡಿಂಗು ಎಂಬ ಏರ್ಪಾಟಿನಲ್ಲಿ ಒಂದು ಮಿತಿಯೂ ಇತ್ತು. ಅದನ್ನು ಸ್ವಂತ ಅನುಭವದಿಂದ ಅರಿತವರು ಕರ್ಮವೀರ ಭಾವೂರಾವ್ ಪಾಟೀಲರು. 1887ರ ಸೆಪ್ಟೆಂಬರ್ 22ರಂದು ಕೊಲ್ಲಾಪುರ ಜಿಲ್ಲೆಯ ಕುಂಭೋಜದ ಜೈನ ಕುಟುಂಬದಲ್ಲಿ ಜನಿಸಿದ ಅವರ ಪೂರ್ವಿಕರು ಮೂಡಬಿದಿರೆಯಿಂದ ಹೋದವರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಕೊಲ್ಲಾಪುರದಲ್ಲಿ ಓದುವಾಗ ಅವರು ಜೈನ ಬೋರ್ಡಿಂಗಿನಲ್ಲಿದ್ದರು. ಅಸ್ಪೃಶ್ಯರೆನಿಸಿದ ಮಕ್ಕಳಿಗಾಗಿ 1908ರಲ್ಲಿ ತೆರೆದ ಮಿಸ್ ಕ್ಲಾರ್ಕ್ ವಿದ್ಯಾರ್ಥಿನಿಲಯದ ಸಮಾರಂಭಕ್ಕೆ ಹೋಗಿಬಂದ ಭಾವೂರಾಯರು ಶುದ್ಧಿಯ ಸ್ನಾನ ಮಾಡಲು ಒಪ್ಪದೆ ಬೋರ್ಡಿಂಗಿನಿಂದ ಹೊರಬಿದ್ದರೆಂಬ ಪ್ರಸಂಗ ಆ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಬಡ ಹುಡುಗನಿಗೆ ನೆರಳಾದ ಸಂಸ್ಥೆಯೇ ತನ್ನ ಕಾಲದ ಕಟ್ಟಳೆಗಳಿಗೂ ಸೆರೆಯಾಗಿತ್ತು. ಆ ನೆರಳಿನ ಬೆಲೆಯನ್ನೂ ಗೋಡೆಯ ಎತ್ತರವನ್ನೂ ಒಬ್ಬನೇ ಹುಡುಗ ಅರಿತುಕೊಂಡನು. ಮುಂದಿನ ಐವತ್ತು ವರ್ಷಗಳ ಅವರ ಬಾಳು ಆ ನೆರಳನ್ನು ಉಳಿಸಿ ಗೋಡೆಯನ್ನು ತೆಗೆಯುವ ಯತ್ನವಾಯಿತು.

ಭಾವೂರಾಯರು ಮೆಟ್ರಿಕ್ ಕೂಡ ಮುಗಿಸಲಿಲ್ಲ. ಸಾತಾರಾದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಜೀವನ ಸಾಗಿಸಿದರು. ಅನಂತರ ಕಿರ್ಲೋಸ್ಕರ ನೇಗಿಲುಗಳನ್ನು ಮಾರುತ್ತ ಊರೂರು ತಿರುಗಿದರು. ಈ ಎರಡು ಉದ್ಯೋಗಗಳೂ ಅವರಿಗೆ ಪಾಠವಾದವು. ಶಾಲೆಯಲ್ಲಿ ಹಿಂದುಳಿದ ಮಗು ಸಂಜೆಯ ಹೊತ್ತಿನಲ್ಲಿ ಒಬ್ಬ ಹಿರಿಯನ ಬಳಿ ಕುಳಿತರೆ ಏಳಬಲ್ಲದೆಂಬುದನ್ನು ಮನೆಪಾಠ ತೋರಿಸಿತು. ರೈತ ಯಾವ ತಿಂಗಳಿನಲ್ಲಿ ಕೊಡಬಲ್ಲ, ಯಾವ ತಿಂಗಳಿನಲ್ಲಿ ಕೊಡಲಾರ, ನಗದಿಲ್ಲದವನ ಮನೆಯಲ್ಲಿ ಏನಿರುತ್ತದೆ ಎಂಬುದನ್ನು ನೇಗಿಲಿನ ವ್ಯಾಪಾರ ತಿಳಿಸಿತು.

ಆ ತಿಳಿವಳಿಕೆಯ ಫಲವೇ ಮುಷ್ಟಿಫಂಡು. ಇಂದಿನ ಸಾಂಗಲಿ ಜಿಲ್ಲೆಯ ದುಧಗಾಂವದಲ್ಲಿ ಸಂಗಡಿಗರೊಡನೆ ಎಲ್ಲ ಜಾತಿಯ ಮಕ್ಕಳಿಗಾಗಿ ವಿದ್ಯಾರ್ಥಿ ಆಶ್ರಮವನ್ನು ನಡೆಸಿದಾಗ ಅವರು ಅನುಸರಿಸಿದ ಮಾರ್ಗ ಇದು. ಗೃಹಿಣಿ ದಿನವೂ ಒಂದು ಹಿಡಿ ಧಾನ್ಯವನ್ನು ವಿದ್ಯಾರ್ಥಿಗಳಿಗೆಂದು ಬೇರೆ ತೆಗೆದಿರಿಸುವಳು. ಕೂಡಿದ ಧಾನ್ಯ ಆಶ್ರಮದ ಅಡುಗೆಮನೆಗೆ ಸೇರುವುದು. ಒಂದು ಹಿಡಿಯಿಂದ ಯಾವ ಮನೆಯೂ ಬಡವಾಗದು. ನೂರು ಹಿಡಿಯಿಂದ ಮಕ್ಕಳ ಒಂದು ಪಂಕ್ತಿ ಉಣ್ಣುವುದು.

1919ರ ಅಕ್ಟೋಬರ್ 4ರಂದು ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದರ ಕೇಂದ್ರ ಸಾತಾರಾಕ್ಕೆ ಬಂದಿತು. ಅಲ್ಲಿಯ ವಿದ್ಯಾರ್ಥಿನಿಲಯ ಅವರ ಸ್ವಂತ ಮನೆಯಲ್ಲೇ ಕೆಲವೇ ಮಕ್ಕಳೊಡನೆ ಆರಂಭವಾಯಿತು. ಆ ಮಕ್ಕಳಲ್ಲಿ ಅಸ್ಪೃಶ್ಯನೆನಿಸಿದ ಹುಡುಗನೂ ಇದ್ದನು. ಎಲ್ಲರಿಗೂ ಒಂದೇ ಒಲೆ, ಒಂದೇ ಪಂಕ್ತಿ. 1927ರಲ್ಲಿ ಮಹಾತ್ಮಾ ಗಾಂಧೀಜಿ ಸಾತಾರಾಕ್ಕೆ ಬಂದಾಗ ಈ ನಿಲಯಕ್ಕೆ ಶ್ರೀ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂಬ ಹೆಸರು ಅವರ ಹಸ್ತದಿಂದ ಬಂದಿತು.

ಅಕ್ಕಿ ಮುಗಿದ ದಿನ

ಮುಷ್ಟಿಫಂಡನ್ನು ಕೇವಲ ಹಾಡಿಹೊಗಳುವುದು ಚರಿತ್ರೆಯಾಗಲಾರದು. ಹಿಡಿಧಾನ್ಯ ಮಳೆಯನ್ನು ನಂಬಿದ ನಿಧಿ. ಬರ ಬಂದ ವರ್ಷ ಕೊಡುವ ಕೈಯೇ ಬೇಡುವ ಕೈಯಾಗುತ್ತದೆ; ಆದರೆ ನಿಲಯದ ಮಕ್ಕಳಿಗೆ ಹಸಿವು ಬರದ ವರ್ಷವೂ ಹಸಿವೇ. ಅಂಥ ದಿನಗಳನ್ನು ತುಂಬಿದವರು ಭಾವೂರಾಯರ ಪತ್ನಿ ಲಕ್ಷ್ಮೀಬಾಯಿಯವರು. ಸಂಪ್ರದಾಯಸ್ಥ ಜೈನ ಮನೆತನದಿಂದ ಬಂದ ಆಕೆ ಎಲ್ಲ ಜಾತಿಯ ಮಕ್ಕಳನ್ನು ತನ್ನ ಅಡುಗೆಮನೆಗೆ ಬರಮಾಡಿಕೊಂಡರು. ಒಡವೆಗಳು ಒಂದೊಂದಾಗಿ ಮಕ್ಕಳ ಅನ್ನವಾದವು. ಕಡೆಗೆ ಮಂಗಳಸೂತ್ರವೂ ಉಳಿಯಲಿಲ್ಲ. 1930ರಲ್ಲಿ ಆಕೆ ತೀರಿಕೊಂಡರು. ಈ ತ್ಯಾಗದ ಮುಂದೆ ತಲೆಬಾಗೋಣ. ಅದರೊಡನೆ ಒಂದು ಕಹಿ ಸತ್ಯವನ್ನೂ ಒಪ್ಪಿಕೊಳ್ಳೋಣ: ಸಂಸ್ಥೆಯೊಂದರ ನಿತ್ಯದ ಖರ್ಚಿಗೆ ಗೃಹಿಣಿಯ ಕೊರಳ ಸರವೇ ಆಧಾರವಾಯಿತೆಂದರೆ ಸಮಾಜದ ನಿಧಿ ಎಲ್ಲಿಯೋ ಬತ್ತಿತ್ತೆಂದೇ ಅರ್ಥ.

ಭಾವೂರಾಯರು ಇದನ್ನು ಬಲ್ಲವರಾಗಿದ್ದರು. ಆದುದರಿಂದಲೇ ಅವರು ಆದಾಯದ ಮೂಲಗಳನ್ನು ಬೇರೆಬೇರೆಯಾಗಿ ಬೆಳೆಸಿದರು. ಹಿಡಿಧಾನ್ಯದ ಜೊತೆಗೆ ದಾನಿಗಳ ನೆರವು, ಸರಕಾರದ ಅನುದಾನ, ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳ ದುಡಿಮೆ. ಗಳಿಸುತ್ತ ಕಲಿಯುವ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಹೊಲ ಉಳುತ್ತಿದ್ದರು, ಕಲ್ಲುಮಣ್ಣು ಹೊರುತ್ತಿದ್ದರು, ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ದಾನವನ್ನು ಉಣ್ಣುವವನಲ್ಲಿ ದೈನ್ಯ ಬೆಳೆಯಬಾರದೆಂಬುದು ಇದರ ಹಿಂದಿನ ಆಶಯ. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಕೈಹಿಡಿದು ನಡೆಸಿದರು. ನಿಲಯದಿಂದ ಹೊರಟವರು ಶಿಕ್ಷಕರಾಗಿ ಮರಳಿದರು. 1935ರಲ್ಲಿ ಸಾತಾರಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು, 1940ರಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲು, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ಬಂದವು. ಈ ಅನುಕ್ರಮವನ್ನು ಓದುಗರು ಗಮನಿಸಬೇಕು: ಸಾತಾರಾದಲ್ಲಿ ಮೊದಲು ಊಟದ ಪಂಕ್ತಿ ಮತ್ತು ಸಂಜೆಯ ದೀಪ, ಆಮೇಲೆ ಹೈಸ್ಕೂಲು ಮತ್ತು ಕಾಲೇಜು.

1948ರ ಸುಮಾರಿಗೆ ಮುಂಬಯಿ ಸರಕಾರದೊಡನೆ ವಿರಸವುಂಟಾಗಿ ಸಂಸ್ಥೆಯ ಅನುದಾನ ಕೆಲಕಾಲ ನಿಂತಿತು. ಸಂತ ಗಾಡಗೇ ಮಹಾರಾಜರಂಥವರು ಸಂಸ್ಥೆಯ ಬೆನ್ನಿಗೆ ನಿಂತರು; ಸಂಸ್ಥೆ ಮುಚ್ಚಲಿಲ್ಲ. ಒಂದೇ ಬಾವಿಯ ನೀರನ್ನು ನಂಬಿದ್ದರೆ ಆ ವರ್ಷವೇ ಅದರ ಕಥೆ ಮುಗಿಯುತ್ತಿತ್ತು. ಭಾವೂರಾಯರು 1959ರ ಮೇ 9ರಂದು ನಿಧನರಾದರು. ಅದೇ ವರ್ಷ ಭಾರತ ಸರಕಾರ ಅವರಿಗೆ ಪದ್ಮಭೂಷಣವನ್ನು ಕೊಟ್ಟಿತ್ತು. ಇಂದು ಸಂಸ್ಥೆಗೆ 700ಕ್ಕೂ ಹೆಚ್ಚು ಶಾಖೆಗಳಿವೆ.

ಇದು ಒಂದು ಸಮಾಜದ ಅಥವಾ ಒಂದು ಪ್ರಾಂತದ ವಿಶೇಷವಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು ಕಷ್ಟದ ವರ್ಷಗಳಲ್ಲಿ ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ, ರೈತರು ನೀಡಿದ ಧಾನ್ಯದಿಂದ ವಿದ್ಯಾರ್ಥಿಗಳ ದಾಸೋಹವನ್ನು ನಡೆಸಿದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಧರ್ಮ ಬೇರೆ, ಪರಿಭಾಷೆ ಬೇರೆ. ಒಲೆಯ ಲೆಕ್ಕ ಒಂದೇ.

ಕಲ್ಲಿಗೆ ಕೊಡುವವರು, ಎಣ್ಣೆಗೆ ಕೊಡುವವರು

ಈ ಚರಿತ್ರೆಯನ್ನು ಇಂದಿನ ಕಾಲಕ್ಕೆ ತಂದು ನೋಡಿದರೆ ಏನು ಕಾಣುತ್ತದೆ? ಕೆಲವು ವರ್ಷಗಳ ಹಿಂದೆ ಒಂದು ಊರಿನ ಹಳೆಯ ವಿದ್ಯಾರ್ಥಿನಿಲಯಕ್ಕೆ ಉಪನ್ಯಾಸಕ್ಕೆಂದು ಹೋಗಿದ್ದೆ. ಊರಿನ ಹೆಸರು ಇಲ್ಲಿ ಅಪ್ರಸ್ತುತ. ಪ್ರವೇಶದ್ವಾರದಲ್ಲಿ ದಾನಿಗಳ ಹೆಸರುಗಳನ್ನು ಕೆತ್ತಿದ ಅಮೃತಶಿಲೆಯ ಫಲಕಗಳು ಎರಡೂ ಗೋಡೆಗಳನ್ನು ತುಂಬಿದ್ದವು. ಹೊಸ ಸಭಾಭವನವೂ ಏಳುತ್ತಿತ್ತು. ಸಂಜೆ ಓದುವ ಕೋಣೆಗೆ ಹೋದೆ. ನಾಲ್ಕು ದೀಪಗಳಲ್ಲಿ ಎರಡು ಉರಿಯುತ್ತಿದ್ದವು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೀಜಗಣಿತದ ಲೆಕ್ಕವನ್ನು ಹಿಡಿದು ಕುಳಿತಿದ್ದ. ಅದನ್ನು ಹೇಳಿಕೊಡಲು ಯಾರೂ ಇರಲಿಲ್ಲ. ಮೊದಲು ಬರುತ್ತಿದ್ದ ಮೇಷ್ಟ್ರು ಸಂಬಳ ಸಾಲದೆ ಬಿಟ್ಟುಹೋದರೆಂದು ಮೇಲ್ವಿಚಾರಕರು ಸಂಕೋಚದಿಂದಲೇ ಹೇಳಿದರು. ಅವರದು ತಪ್ಪಿರಲಿಲ್ಲ. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಮೇಷ್ಟ್ರ ಸಂಬಳಕ್ಕೆ ಕೊಟ್ಟವರ ಹೆಸರನ್ನು ಕೆತ್ತಲು ಗೋಡೆ ಎಲ್ಲಿದೆ?

ಹಗಲಿನ ಭಾರವನ್ನು ಇಂದು ಬಹುಮಟ್ಟಿಗೆ ಸರಕಾರ ಹೊತ್ತಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿಸಿದೆ. ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲೇ ದೊರೆಯುತ್ತದೆ. ಆದರೆ ಶಾಲೆಯ ಕೊನೆಯ ಗಂಟೆಯಿಂದ ಮರುದಿನದ ಮೊದಲ ಗಂಟೆಯವರೆಗಿನ ಹೊತ್ತು ಮನೆಯದ್ದು. ಓದು ಬಲ್ಲ ತಂದೆತಾಯಿಗಳಿರುವ ಮನೆಯಲ್ಲಿ, ಟ್ಯೂಷನ್ನಿಗೆ ಕೊಡಲು ಹಣವಿರುವ ಮನೆಯಲ್ಲಿ ಆ ಹೊತ್ತು ಮಗುವನ್ನು ಮೇಲಕ್ಕೆತ್ತುತ್ತದೆ. ಇಲ್ಲದ ಮನೆಯಲ್ಲಿ ಅದೇ ಹೊತ್ತು ಮಗುವನ್ನು ಹಿಂದಕ್ಕೆಳೆಯುತ್ತದೆ. ಹಗಲು ಸಮನಾದರೂ ಸಂಜೆಗಳು ಸಮನಾಗಿಲ್ಲ.

2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಶಿಕ್ಷಣವೂ ಅದರ ವ್ಯಾಪ್ತಿಯಲ್ಲಿದೆ, ಇದು ಸ್ವಾಗತಾರ್ಹ. ಆದರೆ ನಿಯಮಗಳು ಹೇಳುವ ಬಹುವರ್ಷದ ಯೋಜನೆಯ ಅವಧಿ, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷಗಳನ್ನು ಮೀರುವಂತಿಲ್ಲ. ಐದನೆಯ ತರಗತಿಯಲ್ಲಿ ಕೈಹಿಡಿದ ಮಗು ಹತ್ತನೆಯ ತರಗತಿಯನ್ನು ಮುಗಿಸಲು ಆರು ವರ್ಷ ಬೇಕು. ನಡುದಾರಿಯಲ್ಲಿ ಯೋಜನೆ ಮುಗಿದರೆ ಮಗು ಯಾರನ್ನು ಕೇಳಬೇಕು? ದೊಡ್ಡ ಹಣ ಬರಲಿ, ಆದರೆ ಅದರ ಅಡಿಯಲ್ಲಿ ಊರಿನ ಚಿಕ್ಕ ಹಣ ನಿರಂತರವಾಗಿ ಹರಿಯುತ್ತಿರಬೇಕು. ಸಾಲೋಟಗಿಯ ಮಹಾಜನರು ಮಂತ್ರಿಯ ದಾನದ ಮೇಲೆಯೂ ಮದುವೆಯ ಐದು ನಾಣ್ಯವನ್ನು ಕಟ್ಟುಮಾಡಿದ್ದರ ಮರ್ಮ ಇದೇ ಆಗಿರಬೇಕು.

ಆಶಾದಾಯಕವಾದ ಒಂದು ಮಾತನ್ನೂ ಹೇಳಬೇಕು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಶಾಲಾಮಕ್ಕಳನ್ನು ಸದಸ್ಯರನ್ನಾಗಿಸಿಕೊಂಡು ಓದಿಗೆ ಕರೆಯುತ್ತಿವೆ. ಮನೆಮನೆಯಿಂದ ಬರುವ ಗ್ರಂಥಾಲಯ ಕರ ಒಂದು ಅರ್ಥದಲ್ಲಿ ಈ ಕಾಲದ ಹಿಡಿಧಾನ್ಯ. ಅದು ಗ್ರಂಥಾಲಯಕ್ಕೇ ಸಲ್ಲುತ್ತಿದೆಯೇ, ಸಂಜೆ ಅಲ್ಲಿ ಬಾಗಿಲು ತೆರೆದಿರುತ್ತದೆಯೇ, ಪುಸ್ತಕದ ಪಕ್ಕದಲ್ಲಿ ಕೇಳಲು ಒಬ್ಬ ಹಿರಿಯರಿದ್ದಾರೆಯೇ ಎಂದು ವಿಚಾರಿಸುವುದು ಕೊಟ್ಟವರಾದ ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯ.

ನಮ್ಮ ಬಸದಿಗಳ, ಮಠಗಳ, ಸಮಾಜದ ಟ್ರಸ್ಟುಗಳ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ದತ್ತಿಯನ್ನು ಸ್ವೀಕರಿಸುವಾಗ ಕಲ್ಲಿಗೆ ಬಂದ ಪ್ರತಿಯೊಂದು ದಾನದಲ್ಲಿಯೂ ಒಂದು ಪಾಲನ್ನು ಇಡುಗಂಟಾಗಿ ಎತ್ತಿಡಿ. ಅದರ ಬಡ್ಡಿ ಸಂಜೆಯ ಮೇಷ್ಟ್ರಿಗೆ, ದೀಪಕ್ಕೆ, ಒಂದು ಬಟ್ಟಲು ಉಪಾಹಾರಕ್ಕೆ ಸಲ್ಲಲಿ. ಪಂಚಕಲ್ಯಾಣಕ್ಕೂ ಮದುವೆಗೂ ಲಕ್ಷಗಳನ್ನು ವೆಚ್ಚಮಾಡುವ ಮನೆಗಳು ಆ ದಿನ ಐದು ನಾಣ್ಯವನ್ನು ನೆನೆಯಲಿ. ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಲಿ. ಭಾವೂರಾಯರು ಹೊರಬಿದ್ದ ಆ ಬಾಗಿಲನ್ನು ನಾವು ಇಂದು ಅಷ್ಟಾದರೂ ಅಗಲ ಮಾಡಬೇಕು.

ಗೊಮ್ಮಟನ ಅಭಿಷೇಕಕ್ಕೆ ದಿನವೂ ಹಾಲು ತಪ್ಪಬಾರದೆಂದು ಎಣಿಸಿ ಲೆಕ್ಕವಿಟ್ಟ ಶ್ರಾವಕರ ಪರಂಪರೆ ನಮ್ಮದು. ಅದೇ ಲೆಕ್ಕ ಓದುವ ಮಗುವಿನ ದೀಪಕ್ಕೂ ಅನ್ವಯವಾದಾಗ ತವನಿಧಿ ಎಂಬ ಹೆಸರಿಗೆ ನಾವು ತಕ್ಕವರಾಗುತ್ತೇವೆ.